ಕೈ ಅಲುಗುವ ಮುನ್ನ

‘ಮನಸ್ಸನ್ನು ಓದುವ ಯಂತ್ರ ಸಿದ್ಧ’ ಎಂಬ ತಲೆಬರಹ ವರ್ಷಕ್ಕೊಮ್ಮೆಯಾದರೂ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ ತಂತಿಗಳ ಟೋಪಿ ಧರಿಸಿ ಕುಳಿತವರ ಒಂದು ಚಿತ್ರ. ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತಗಳನ್ನು ಬೋಧಿಸಿ ನಿವೃತ್ತನಾದ ನನಗೆ ಇಂತಹ ಸುದ್ದಿ ಕಂಡೊಡನೆ ಏಳುವ ಪ್ರಶ್ನೆ ಒಂದೇ: ಅಳೆದದ್ದು ಏನನ್ನು? ಮನಸ್ಸನ್ನು ಅಳೆಯುವ ಮಾನ ಇದುವರೆಗೆ ಯಾರ ಬಳಿಯೂ ಇಲ್ಲ. ಆದರೆ ಆ ತಲೆಬರಹದ ಹಿಂದೆ ಅದಕ್ಕಿಂತ ಚಿಕ್ಕದಾದ, ನನ್ನ ಮಟ್ಟಿಗೆ ಅದಕ್ಕಿಂತ ಗಂಭೀರವಾದ ಇನ್ನೊಂದು ಪ್ರಶ್ನೆ ಇದೆ. ಒಬ್ಬನಿಗೆ ಕೈ ಎತ್ತಬೇಕೆಂಬ ಇಚ್ಛೆ ಇದೆ, ಕೈ ಏಳುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರ, ಲಕ್ವ ಹೊಡೆದವರ ಸ್ಥಿತಿ ಇದು. ಆ ಇಚ್ಛೆ ಮಿದುಳಿನಲ್ಲಿ ಹುಟ್ಟಿದ್ದನ್ನು, ತಲೆಬುರುಡೆಯನ್ನು ಕೊರೆಯದೆ, ಹೊರಗಿನಿಂದಲೇ ತಿಳಿಯಬಹುದೆ?

ಈ ಪ್ರಶ್ನೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಎದ್ದು ಕಂಡದ್ದು ಒಂದು ವಿಚಿತ್ರ ತೊಡಕು. ರೋಗಿಯ ಇಚ್ಛೆಯನ್ನು ಹುಡುಕಲು ಹೊರಟವರಿಗೆ ತಮ್ಮ ಇಚ್ಛೆಯೇ ಅಡ್ಡ ಬರುತ್ತದೆ. ಸೂಜಿ ಅಲುಗಲಿ ಎಂದು ಹಾರೈಸುವವನೇ ಸೂಜಿಯನ್ನು ನೋಡುವವನೂ ಆಗಿರುತ್ತಾನೆ. ಆದ್ದರಿಂದ ಸುಮಾರು ನೂರು ವರ್ಷಗಳ ಈ ಕಥೆಯಲ್ಲಿ ಉಪಕರಣಗಳಷ್ಟೇ ಮುಖ್ಯವಾದುದು, ನೋಡುವವರು ತಮ್ಮ ಕಣ್ಣನ್ನು ತಾವೇ ನಂಬದಿರಲು ಕಲಿತ ಬಗೆ.

ನಮ್ಮಲ್ಲಿ ಪೂಜೆಗೆ ಕುಳಿತಾಗ ಪುರೋಹಿತರು ಮೊದಲು ಸಂಕಲ್ಪ ಮಾಡಿಸುತ್ತಾರೆ. ಹೂವು ಏರಿಸುವ ಮುನ್ನ ಯಾರು, ಎಲ್ಲಿ, ಯಾವಾಗ, ಯಾತಕ್ಕಾಗಿ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಕ್ರಿಯೆ ಬೇರೆ, ಅದಕ್ಕೆ ಮುಂಚಿನ ಸಂಕಲ್ಪ ಬೇರೆ ಎಂಬ ತಿಳಿವಳಿಕೆ ಆ ವಿಧಿಯಲ್ಲಿ ಅಡಗಿದೆ. ಕೈ ಎತ್ತುವ ಇಚ್ಛೆಗೆ ಈ ಲೇಖನದಲ್ಲಿ ಅದೇ ಪದವನ್ನು ಬಳಸುತ್ತೇನೆ.

ಮೊದಲು ಮಿದುಳಿನ ಭೂಗೋಳವನ್ನು ಸ್ವಲ್ಪ ನೋಡಬೇಕು. 1870ರಲ್ಲಿ ಬರ್ಲಿನ್ನಿನ ಗುಸ್ಟಾವ್ ಫ್ರಿಚ್ ಮತ್ತು ಎಡ್ವರ್ಡ್ ಹಿಟ್ಸಿಗ್ ಎಂಬ ಇಬ್ಬರು ವೈದ್ಯರು ನಾಯಿಯ ಮಿದುಳಿನ ಮೇಲ್ಮೈಗೆ ಸೌಮ್ಯವಾದ ವಿದ್ಯುತ್ತನ್ನು ಹಾಯಿಸಿ, ಒಂದು ನಿರ್ದಿಷ್ಟ ಜಾಗವನ್ನು ಮುಟ್ಟಿದರೆ ಎದುರು ಬದಿಯ ಕಾಲು ಮಾತ್ರ ಅಲುಗುವುದನ್ನು ತೋರಿಸಿದರು. ಮಿದುಳಿನಲ್ಲಿ ಚಲನೆಗೇ ಮೀಸಲಾದ ಪ್ರದೇಶವಿದೆ ಎಂಬುದು ಅಂದು ಖಚಿತವಾಯಿತು. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಾಗಿಯೇ ಇದ್ದ ರೋಗಿಗಳ ಮಿದುಳಿನಲ್ಲಿ ಇದೇ ಪ್ರದೇಶದ ನಕ್ಷೆಯನ್ನು ಬರೆದ. ಆ ನಕ್ಷೆಯಲ್ಲಿ ಬೆರಳುಗಳಿಗೂ ತುಟಿಗೂ ಸಿಕ್ಕ ಜಾಗ ದೊಡ್ಡದು. ಇಡೀ ಬೆನ್ನಿಗೆ ಸಿಕ್ಕದ್ದು ಚೂರು. ಬಲಗೈಯ ಜಾಗ ಎಡ ಅರ್ಧದಲ್ಲಿ, ಎಡಗೈಯದು ಬಲ ಅರ್ಧದಲ್ಲಿ. ಪಾದಗಳ ಜಾಗ ಮಾತ್ರ ನಡುನೆತ್ತಿಯ ಕೆಳಗೆ, ಎರಡು ಅರ್ಧಗಳ ನಡುವಣ ಸೀಳಿನೊಳಗೆ. ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೊರಗಿನಿಂದ ಅಳೆಯುವ ಕಥೆ ಆರಂಭವಾಗುವುದು ಒಂದು ಕುದುರೆಯಿಂದ. 1890ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಸೈನಿಕ ತರಬೇತಿಯಲ್ಲಿದ್ದ ಹಾನ್ಸ್ ಬರ್ಗರ್ ಎಂಬ ಯುವಕ ಕುದುರೆಯಿಂದ ಬಿದ್ದ. ಫಿರಂಗಿ ಗಾಡಿಯ ಚಕ್ರ ಮೈಮೇಲೆ ಹಾಯುವುದರಲ್ಲಿತ್ತು. ಕೂದಲೆಳೆಯ ಅಂತರದಲ್ಲಿ ಉಳಿದುಕೊಂಡ. ಅಂದೇ ತಂದೆಯಿಂದ ತಂತಿ ಬಂತು: ಕ್ಷೇಮವೆ? ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಪತ್ತಾಗಿದೆ ಎನ್ನಿಸಿ, ಅವಳ ಒತ್ತಾಯದ ಮೇಲೆ ತಂದೆ ಕಳಿಸಿದ ತಂತಿ ಅದು. ತನ್ನ ಭಯವೇ ಅಕ್ಕನ ಮನಸ್ಸಿಗೆ ಮುಟ್ಟಿತೆಂದು ಬರ್ಗರ್ ದೃಢವಾಗಿ ನಂಬಿದ. ಗಣಿತ, ಖಗೋಳಗಳ ಓದನ್ನು ಬಿಟ್ಟು ವೈದ್ಯನಾದ. ಯೇನಾ ಎಂಬ ಊರಿನ ಮಾನಸಿಕ ಚಿಕಿತ್ಸಾಲಯದಲ್ಲಿ ಕುಳಿತು, ಮಿದುಳಿನ ರಕ್ತದ ಹರಿವಿನಲ್ಲಿ, ಉಷ್ಣತೆಯಲ್ಲಿ, ಕೊನೆಗೆ ವಿದ್ಯುತ್ತಿನಲ್ಲಿ ‘ಮಾನಸಿಕ ಶಕ್ತಿ’ಯನ್ನು ಹುಡುಕಿದ. ದೂರಸಂವೇದನೆ ಸಿಗಲಿಲ್ಲ. ಆದರೆ 1924ರಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯ ಒಂದು ಭಾಗ ತೆರೆದಿದ್ದ ಹದಿಹರೆಯದ ಹುಡುಗನೊಬ್ಬನ ನೆತ್ತಿಯಿಂದ, ಗ್ಯಾಲ್ವನೋಮೀಟರಿನಲ್ಲಿ ಒಂದು ಮಂದ ಕಂಪನ ಸಿಕ್ಕಿತು.

ಬರ್ಗರ್ ಮುಂದೆ ಮಾಡಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಬೇಕೆಂದು ಹುಡುಕಿದ ವಸ್ತು ಸಿಕ್ಕಂತಿದ್ದರೂ ಆತ ಐದು ವರ್ಷ ಬಾಯಿ ತೆರೆಯಲಿಲ್ಲ. ಇದು ನಾಡಿಯ ಬಡಿತವಿರಬಹುದೆ, ನೆತ್ತಿಯ ಸ್ನಾಯುವಿನ ಅದುರಾಟವಿರಬಹುದೆ ಎಂದು ಮತ್ತೆ ಮತ್ತೆ ಪರೀಕ್ಷಿಸಿದ. ಮಗನ ತಲೆಗೂ ತಂತಿ ಕಟ್ಟಿದ. ಪ್ರಕಟಿಸಿದ್ದು 1929ರಲ್ಲಿ. ಕಣ್ಣು ಮುಚ್ಚಿ ಸುಮ್ಮನೆ ಕುಳಿತವರಲ್ಲಿ ಸೆಕೆಂಡಿಗೆ ಸುಮಾರು ಹತ್ತು ಅಲೆ ಏಳುತ್ತವೆ, ಕಣ್ಣು ತೆರೆದೊಡನೆ ಅಥವಾ ಲೆಕ್ಕ ಮಾಡಲು ತೊಡಗಿದೊಡನೆ ಅಡಗುತ್ತವೆ ಎಂದು ಬರೆದ. ಹೆಚ್ಚು ಮಂದಿ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಮ್ಮ ತಲೆಗಳಿಂದಲೇ ಅದನ್ನು ತೋರಿಸಿದ ಮೇಲೆ ಇಇಜಿ ಎಂಬುದು ಜಗತ್ತಿಗೆ ಬಂತು. 1941ರಲ್ಲಿ ಬರ್ಗರ್ ಆತ್ಮಹತ್ಯೆ ಮಾಡಿಕೊಂಡ. ನಾಜಿಗಳಿಂದ ನೊಂದ ಮಹಾತ್ಮನೆಂದು ಬಹುಕಾಲ ಆತನನ್ನು ಚಿತ್ರಿಸಿದ್ದರು. ಈ ಶತಮಾನದಲ್ಲಿ ದಾಖಲೆಗಳನ್ನು ತೆರೆದು ನೋಡಿದವರು, ಬಲವಂತದ ಸಂತಾನಶಕ್ತಿಹರಣಕ್ಕೆ ಆಜ್ಞೆ ಕೊಡುತ್ತಿದ್ದ ‘ಆನುವಂಶಿಕ ಆರೋಗ್ಯ ನ್ಯಾಯಾಲಯ’ದಲ್ಲಿ ಆತ ಸದಸ್ಯನಾಗಿ ಕುಳಿತಿದ್ದನ್ನು ಕಂಡುಕೊಂಡಿದ್ದಾರೆ. ಸಂಶೋಧನೆಯ ಸಂಯಮವನ್ನು ಮೆಚ್ಚುವಾಗ ಇದನ್ನೂ ಹೇಳದೆ ಬಿಡುವುದು ಸರಿಯಲ್ಲ.

ಬರ್ಗರನ ಅಲೆ ಕಣ್ಣಿಗೆ ಸಂಬಂಧಿಸಿದ್ದು. ಕೈಗೆ ಸಂಬಂಧಿಸಿದ ಅಲೆ ಉಂಟೆ? ಉಂಟು. 1949ರಲ್ಲಿ ಮಾಂಟ್ರಿಯಲ್‌ನಲ್ಲಿ ಜ್ಯಾಸ್ಪರ್ ಮತ್ತು ಪೆನ್‌ಫೀಲ್ಡ್, ತೆರೆದ ಮಿದುಳಿನ ಕೈಯ ಜಾಗದಲ್ಲಿ ಒಂದು ಲಯವಿರುವುದನ್ನೂ ಕೈ ಚಲಿಸಲು ಮುಂದಾದೊಡನೆ ಅದು ಕಡಿದುಹೋಗುವುದನ್ನೂ ಕಂಡರು. 1950ರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಆಂರಿ ಗಾಸ್ತೋ, ತಲೆಬುರುಡೆಯ ಹೊರಗಿನಿಂದಲೇ ಇಂತಹ ಲಯವನ್ನು ವಿವರಿಸಿದ. ಕಮಾನುಗಳ ಸಾಲಿನಂತಿದ್ದ ಆ ಅಲೆಗೆ ಈಗ ‘ಮ್ಯೂ’ ಲಯವೆಂದು ಹೆಸರು. ಮುಷ್ಟಿ ಬಿಗಿದರೆ ಅದು ಅಡಗುತ್ತದೆ. ಅಷ್ಟೇ ಅಲ್ಲ, ಮುಷ್ಟಿ ಬಿಗಿಯುವುದನ್ನು ಕಲ್ಪಿಸಿಕೊಂಡರೂ ಅಡಗುತ್ತದೆ.

ಕೆಲಸ ಆರಂಭವಾದಾಗ ಸದ್ದು ಹೆಚ್ಚಬೇಕಲ್ಲವೆ, ಅಡಗುವುದೇಕೆ? ಪ್ರಾಥಮಿಕ ಶಾಲೆಯ ಮಕ್ಕಳು ಒಕ್ಕೊರಲಿನಿಂದ ಮಗ್ಗಿ ಹೇಳುವಾಗ ಗೋಡೆಯಾಚೆಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಅದೇ ಮಕ್ಕಳು ತಂತಮ್ಮ ಸ್ಲೇಟಿನಲ್ಲಿ ಬೇರೆ ಬೇರೆ ಲೆಕ್ಕ ಮಾಡತೊಡಗಿದರೆ ಹೊರಗಿನವನಿಗೆ ತರಗತಿ ಖಾಲಿಯಾದಂತೆ ಅನಿಸುತ್ತದೆ. ಕೆಲಸ ನಡೆಯುತ್ತಿರುವುದು ಮಾತ್ರ ಎರಡನೆಯ ಸಲವೇ ಹೆಚ್ಚು. ಬಿಡುವಾಗಿದ್ದಾಗ ಲಕ್ಷಾಂತರ ನರಕೋಶಗಳು ಒಂದೇ ತಾಳಕ್ಕೆ ಮಿಡಿಯುತ್ತವೆ. ಕೈಯ ಕೆಲಸ ಬಂದಾಗ ತಂತಮ್ಮ ಪಾಲಿಗೆ ಚದುರುತ್ತವೆ. ಹೊರಗೆ ಕೇಳುತ್ತಿದ್ದ ಮಗ್ಗಿ ನಿಲ್ಲುತ್ತದೆ. ಆಸ್ಟ್ರಿಯದ ಗ್ರಾಟ್ಸ್ ನಗರದ ಗೆರ್ಟ್ ಫುರ್ಟ್‌ಶೆಲರ್ 1970ರ ದಶಕದಿಂದ ಈ ಅಡಗುವಿಕೆಯನ್ನು ಅಳೆಯುವ ಕ್ರಮವನ್ನು ರೂಪಿಸಿದ. ಯಂತ್ರ ‘ಓದುವುದು’ ಬಹುಮಟ್ಟಿಗೆ ಈ ಮೌನವನ್ನು. ಸಂಕಲ್ಪದಲ್ಲಿ ಏನಿದೆಯೆಂದು ಅದಕ್ಕೆ ತಿಳಿಯದು. ಯಾವ ಕೋಣೆಯಲ್ಲಿ ಮಗ್ಗಿ ನಿಂತಿತೆಂದು ಮಾತ್ರ ತಿಳಿಯುತ್ತದೆ.

ಇನ್ನು 1964ರ ಫ್ರೈಬುರ್ಗ್‌ಗೆ ಬರೋಣ. ಇದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ. ಹಾನ್ಸ್ ಹೆಲ್ಮುಟ್ ಕೋರ್ನ್‌ಹೂಬರ್ ಎಂಬ ನರರೋಗ ತಜ್ಞನೂ ಅವನ ಕೈಕೆಳಗೆ ಪಿಎಚ್‌ಡಿಗಾಗಿ ದುಡಿಯುತ್ತಿದ್ದ ಲ್ಯೂಡರ್ ಡೇಕೆಯೂ ಊರಿನ ಗುಡ್ಡದ ಬುಡದ ಒಂದು ಹೋಟೆಲಿನ ತೋಟದಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಮಿದುಳಿನ ಸಂಶೋಧನೆಯೆಲ್ಲ ‘ಬೆಳಕು ತೋರಿಸು, ಏನಾಗುತ್ತದೆ ನೋಡು, ಸದ್ದು ಮಾಡು, ಏನಾಗುತ್ತದೆ ನೋಡು’ ಎಂಬ ಬಗೆಯದಾಗಿತ್ತು. ಮನುಷ್ಯನೆಂದರೆ ಒತ್ತಿದರೆ ಉತ್ತರ ಕೊಡುವ ಗುಂಡಿಯೆ? ಅವನು ತಾನಾಗಿಯೇ ಏನನ್ನಾದರೂ ಮಾಡಿದಾಗ ಅದಕ್ಕೆ ಮುಂಚೆ ಮಿದುಳಿನಲ್ಲಿ ಏನಾಗುತ್ತದೆ? ಇದನ್ನು ಹುಡುಕಬೇಕೆಂದು ಊಟದ ಮೇಜಿನಲ್ಲೇ ನಿಶ್ಚಯಿಸಿದರು.

ಕಷ್ಟ ಎಲ್ಲಿತ್ತೆಂದರೆ, ಹುಡುಕುವ ಸಂಕೇತ ಅತ್ಯಲ್ಪ. ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜನ್ನು ಒಂದೂವರೆ ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗ, ಅಂದರೆ ಹತ್ತು ಮೈಕ್ರೋವೋಲ್ಟ್, ಸುಮಾರಾಗಿ ಅದರ ಅಳತೆ. ಮಿದುಳಿನ ಉಳಿದ ಗದ್ದಲ ಅದರ ಹಲವು ಪಟ್ಟು. ಕಣ್ಣು ರೆಪ್ಪೆ ಬಡಿದರೆ, ಹಲ್ಲು ಕಚ್ಚಿದರೆ ಏಳುವ ವಿದ್ಯುತ್ತು ಇನ್ನೂ ದೊಡ್ಡದು. ಇದಕ್ಕೆ ಮದ್ದು ನಮ್ಮ ಶಾಲೆಯ ಗಣಿತದಲ್ಲೇ ಇದೆ: ಸರಾಸರಿ. ಗದ್ದಲದ ತರಗತಿಯಲ್ಲಿ ಗಂಟೆ ಹೊಡೆದಾಗಲೆಲ್ಲ ಒಬ್ಬ ಹುಡುಗ ಮಾತ್ರ ಒಂದೇ ಪದವನ್ನು ಪಿಸುಗುಟ್ಟುತ್ತಾನೆ ಎನ್ನಿ. ನೂರು ಗಂಟೆಗಳ ಧ್ವನಿಮುದ್ರಣವನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ, ಒಮ್ಮೆ ಹೀಗೆ ಒಮ್ಮೆ ಹಾಗೆ ಇರುವ ಗದ್ದಲ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಪಿಸುಮಾತು ಇದ್ದಷ್ಟೇ ಉಳಿಯುತ್ತದೆ. ಗದ್ದಲ ಇಳಿಯುವುದು ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ.

ಆದರೆ ಸರಾಸರಿ ತೆಗೆಯಲು ಗಂಟೆ ಎಲ್ಲಿ ಹೊಡೆಯಿತೆಂದು ಗೊತ್ತಿರಬೇಕು. ತಾನಾಗಿ ಬೆರಳು ಮಡಿಸುವವನು ಯಾವಾಗ ಮಡಿಸುತ್ತಾನೆಂದು ಯಾರಿಗೆ ಗೊತ್ತು? ಆಗಿನ ಯಂತ್ರಗಳು ಗಂಟೆಯ ನಂತರದ್ದನ್ನು ಕೂಡಬಲ್ಲವಾಗಿದ್ದವು, ಮುಂಚಿನದನ್ನಲ್ಲ. ಇಬ್ಬರೂ ಮಾಡಿದ ಉಪಾಯ ಇದು. ಎಲ್ಲವನ್ನೂ ಟೇಪಿನಲ್ಲಿ ಮುದ್ರಿಸಿಕೊಂಡರು. ಆಮೇಲೆ ಟೇಪನ್ನು ಹಿಂದುಮುಂದಾಗಿ ಓಡಿಸಿದರು! ಬೆರಳು ಮಡಿಸಿದ ಕ್ಷಣವೇ ಗಂಟೆ. ತಿರುಗುಮುರುಗು ಓಡುವ ಟೇಪಿನಲ್ಲಿ ಅದರ ‘ನಂತರ’ ಬರುವುದೆಲ್ಲ ನಿಜದಲ್ಲಿ ಅದರ ಮುಂಚಿನದು. ಹೀಗೆ ಕಾಲವನ್ನು ಹಿಮ್ಮುಖವಾಗಿಸಿ ಕೂಡಿದಾಗ, ಬೆರಳು ಅಲುಗುವುದಕ್ಕೆ ಒಂದು ಸೆಕೆಂಡಿಗೂ ಮುಂಚಿನಿಂದ ಮೆಲ್ಲನೆ ಏರುವ ಒಂದು ವಿದ್ಯುತ್ ಇಳಿಜಾರು ಕಾಣಿಸಿತು. 1965ರಲ್ಲಿ ಅದರ ಪೂರ್ಣ ಪ್ರಬಂಧ ಹೊರಬಂತು. ಹೆಸರು ‘ಸನ್ನದ್ಧತೆಯ ವಿಭವ’ ಎಂಬ ಅರ್ಥದ ಜರ್ಮನ್ ಪದ. ಕ್ರಿಯೆಯ ಮುನ್ನಿನ ಸಂಕಲ್ಪಕ್ಕೆ ಭೌತಿಕವಾದ ಹೆಜ್ಜೆಗುರುತು ಮೊದಲ ಬಾರಿಗೆ ಸಿಕ್ಕಂತಾಯಿತು.

ಅದರ ಮೇಲೆ ಎದ್ದ ತಾತ್ವಿಕ ಜಗಳ ಇನ್ನೂ ಮುಗಿದಿಲ್ಲ. 1983ರಲ್ಲಿ ಅಮೆರಿಕದ ಬೆಂಜಮಿನ್ ಲಿಬೆಟ್, ‘ಈಗ ಮಾಡುತ್ತೇನೆ’ ಎಂಬ ಅರಿವು ಮೂಡುವ ಮೊದಲೇ ಈ ಇಳಿಜಾರು ಆರಂಭವಾಗಿರುತ್ತದೆ ಎಂದು ತೋರಿಸಿ, ನಮ್ಮ ಇಚ್ಛಾಸ್ವಾತಂತ್ರ್ಯವನ್ನೇ ಪ್ರಶ್ನೆಗೆ ಒಡ್ಡಿದ. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು, ಸುಮ್ಮನೆ ಏರಿಳಿಯುವ ಮಿದುಳಿನ ಗದ್ದಲ ಒಂದು ಮಿತಿಯನ್ನು ಮುಟ್ಟಿದಾಗ ಬೆರಳು ಅಲುಗುವುದಾದರೆ, ಹಿಮ್ಮುಖವಾಗಿ ಸರಾಸರಿ ತೆಗೆದಾಗ ಇಂತಹ ಇಳಿಜಾರು ತಾನಾಗಿ ಮೂಡುತ್ತದೆಂದು ವಾದಿಸಿದರು. ತತ್ತ್ವಜ್ಞಾನಿಗಳು ಅದನ್ನು ನೋಡಿಕೊಳ್ಳಲಿ.

ಕೈ ಇಲ್ಲದಂತಾದವನಿಗೆ ಇದರಿಂದ ಏನು ಪ್ರಯೋಜನ? ಇಲ್ಲೇ ನಿಜವಾದ ಗಂಟು. ನೂರು ಸಲದ ಸರಾಸರಿಯಲ್ಲಿ ಸಂಕಲ್ಪ ಕಾಣಿಸುತ್ತದೆ ನಿಜ. ಆದರೆ ಒಂದು ಗುಟುಕು ನೀರು ಕುಡಿಯಲು ನೂರು ಸಲ ಸಂಕಲ್ಪಿಸು ಎಂದು ಬಾಯಾರಿದವನಿಗೆ ಹೇಳಲಾಗದು. ಒಂದೇ ಸಲದಲ್ಲಿ ಗುರುತಿಸಬೇಕು, ಅದೂ ಆ ಕ್ಷಣದಲ್ಲೇ. 1973ರಲ್ಲಿ ಲಾಸ್ ಏಂಜಲೀಸ್‌ನ ಜಾಕ್ ವಿದಾಲ್, ಮಿದುಳಿನ ಅಲೆಗಳನ್ನು ಗಣಕಯಂತ್ರಕ್ಕೆ ನೇರವಾಗಿ ಜೋಡಿಸುವ ಯೋಜನೆಯೊಂದನ್ನು ಬರೆದು, ಈ ಕ್ಷೇತ್ರಕ್ಕೆ ಇಂದಿಗೂ ಉಳಿದಿರುವ ಹೆಸರನ್ನು ಕೊಟ್ಟ. 1991ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಜಾನಥನ್ ವೋಲ್ಪಾ ಮತ್ತು ಸಂಗಡಿಗರು, ಮ್ಯೂ ಲಯವನ್ನು ಹೆಚ್ಚುಕಡಿಮೆ ಮಾಡುವುದನ್ನು ಅಭ್ಯಾಸದಿಂದ ಕಲಿತ ಜನ ಪರದೆಯ ಮೇಲಿನ ಗುರುತನ್ನು ಮೇಲೆ ಕೆಳಗೆ ಸರಿಸಬಲ್ಲರೆಂದು ತೋರಿಸಿದರು. 2004ರಲ್ಲಿ ಎಡಬಲಕ್ಕೂ ಸರಿಸಬಲ್ಲರೆಂದು. ಇದರಲ್ಲಿ ಯಂತ್ರ ಎಷ್ಟು ಕಲಿಯಿತೋ ಮನುಷ್ಯನೂ ಅಷ್ಟೇ ಕಲಿತ. ಸೈಕಲ್ ಕಲಿತಂತೆ.

ಗ್ರಾಟ್ಸ್‌ನ ಪ್ರಯೋಗಾಲಯಕ್ಕೆ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ತಪ್ಪಿದ್ದ ಯುವಕನೊಬ್ಬ ಬಂದ. ಫುರ್ಟ್‌ಶೆಲರ್ ತಂಡ ಅವನಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿತು. ಕೈಯ ಚಲನೆಯನ್ನು ಕಲ್ಪಿಸಿಕೊ, ಪಾದದ ಚಲನೆಯನ್ನು ಕಲ್ಪಿಸಿಕೊ, ಎಂದು. ಎಲ್ಲಕ್ಕಿಂತ ಸ್ಪಷ್ಟವಾಗಿ ಸಿಕ್ಕಿದ್ದು ಪಾದದ ಕಲ್ಪನೆ. ನಡುನೆತ್ತಿಯ ಕೆಳಗಿನ ಆ ಜಾಗದಿಂದ ಸೆಕೆಂಡಿಗೆ ಸುಮಾರು 17 ಬಾರಿ ಮಿಡಿಯುವ ಒಂದು ಸ್ಫೋಟ ಪ್ರತಿ ಸಲವೂ ಏಳುತ್ತಿತ್ತು. 2000ದಲ್ಲಿ ಆ ಸಂಕೇತದಿಂದ ಅವನ ಕೈಗೆ ತೊಡಿಸಿದ್ದ ಯಾಂತ್ರಿಕ ಪಟ್ಟಿ ತೆರೆದು ಮುಚ್ಚಿತು. 2003ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ ಯಾಂತ್ರಿಕ ಪಟ್ಟಿಯನ್ನೂ ಬಿಟ್ಟು, ಅವನದೇ ಮುಂಗೈಯ ಸ್ನಾಯುಗಳಿಗೆ ಚರ್ಮದ ಮೇಲಿನಿಂದ ವಿದ್ಯುತ್ ಮಿಡಿತ ಕೊಟ್ಟರು. ಸತ್ತಂತಿದ್ದ ಬೆರಳುಗಳು ತೆರೆದುಕೊಂಡು ಲೋಟದಾಕಾರದ ಒಂದು ವಸ್ತುವನ್ನು ಹಿಡಿದವು. ಎಲ್ಲಿಯೂ ಒಂದು ಗಾಯವಿಲ್ಲ, ಹೊಲಿಗೆಯಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ಸಂತೋಷವೂ ಒಂದು ಬಗೆಯ ಮುಜುಗರವೂ ಒಟ್ಟಿಗೇ ಆಯಿತು. ಕೈ ಹಿಡಿಯಬೇಕಾದರೆ ಅವನು ನೆನೆಯಬೇಕಾದದ್ದು ಪಾದವನ್ನು! ಯಂತ್ರಕ್ಕೆ ಸಿಕ್ಕಿದ್ದು ಅವನ ಕೈಯ ಸಂಕಲ್ಪವಲ್ಲ. ಅದಕ್ಕೆ ಬದಲಾಗಿ ಒಪ್ಪಿಕೊಂಡ ಒಂದು ಸಂಜ್ಞೆ ಮಾತ್ರ, ಹಳೆಯ ತಂತಿ ಕಚೇರಿಯ ಕಟ್ಟು ಕಡದಂತೆ. ಕೈಯನ್ನು ನೆನೆದರೆ ಕೈ, ಎಡಕ್ಕೆ ಚಾಚಬೇಕೆಂದರೆ ಎಡಕ್ಕೆ, ಎಂಬಂತೆ ಆಗಲು ಏನು ಅಡ್ಡಿ?

ಅಡ್ಡಿ ನಕ್ಷೆಯಲ್ಲೇ ಇದೆ. ಕೈಗೂ ಪಾದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಕೋಣೆ. ಯಾವ ಕೋಣೆಯ ಮಗ್ಗಿ ನಿಂತಿತೆಂದು ಗೋಡೆಯಾಚೆಯಿಂದ ಹೇಳಬಹುದು. ಆದರೆ ಅದೇ ತೋಳು ಎಡಕ್ಕೆ ಹೋಗುವುದಕ್ಕೂ ಬಲಕ್ಕೆ ಹೋಗುವುದಕ್ಕೂ ಕೋಣೆ ಒಂದೇ. 1982ರಲ್ಲಿ ಅಪೊಸ್ಟೊಲೋಸ್ ಜಾರ್ಜೊಪೌಲೊಸ್ ಮತ್ತು ಸಂಗಡಿಗರು, ಮಂಗಗಳ ಮಿದುಳಿನೊಳಗೆ ಸೂಕ್ಷ್ಮ ತಂತಿಗಳನ್ನಿಟ್ಟು, ಆ ಕೋಣೆಯ ಹೆಚ್ಚಿನ ನರಕೋಶಗಳಿಗೆ ತಮಗೆ ಪ್ರಿಯವಾದ ಒಂದೊಂದು ದಿಕ್ಕು ಇರುವುದನ್ನು ಕಂಡರು. ತೋಳು ಎತ್ತ ಹೋಗಬೇಕೆಂಬುದು ಪಂಚಾಯಿತಿ ಚುನಾವಣೆಯಂತೆ. ಒಂದೊಂದು ಕೋಶವೂ ತನ್ನ ದಿಕ್ಕಿಗೆ ಮತ ಹಾಕುತ್ತದೆ, ಒಟ್ಟು ಮೊತ್ತದಂತೆ ತೋಳು ಸಾಗುತ್ತದೆ. ಎಡದ ಮತದಾರರೂ ಬಲದ ಮತದಾರರೂ ಒಂದೇ ಬೀದಿಯಲ್ಲಿ ಬೆರೆತು ಕುಳಿತಿರುವಾಗ, ಹೊರಗೆ ನಿಂತವನಿಗೆ ಬರಿಯ ಗುಜುಗುಜು.

ಹಾಗಾಗಿ ಇದು ಹೊರಗಿನಿಂದ ಅಸಾಧ್ಯವೆಂದೇ ಬಹಳ ಮಂದಿ ತಿಳಿದಿದ್ದರು. 2008ರಲ್ಲಿ ಸ್ಟೀಫನ್ ವಾಲ್ಡರ್ಟ್ ಮತ್ತು ಸಂಗಡಿಗರು, ಮಿದುಳಿನ ಅತಿ ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುವ ಎಂಇಜಿ ಎಂಬ ಉಪಕರಣದಲ್ಲಿ, ಕೈಯನ್ನು ನಾಲ್ಕು ದಿಕ್ಕುಗಳಲ್ಲಿ ಯಾವುದಾದರೊಂದಕ್ಕೆ ಚಾಚುವವರನ್ನು ಕೂರಿಸಿದರು. ಕಣ್ಣು ಮುಚ್ಚಿ ಊಹಿಸಿದರೆ ನೂರಕ್ಕೆ 25 ಸಲ ಸರಿಯಾಗಬೇಕು. ಒಂದೊಂದೇ ಚಲನೆಯಿಂದ ಅವರ ಲೆಕ್ಕ ಸರಾಸರಿ 67 ಸಲ ಸರಿಯಾಯಿತು, ಅದೂ ಊಹೆಯನ್ನು ಮೀರತೊಡಗಿದ್ದು ಕೈ ಹೊರಡುವ ಮುನ್ನವೇ. ನೆತ್ತಿಯ ಇಇಜಿ ಕೂಡ ಅದಕ್ಕೆ ಕಡಿಮೆಯೇನಿರಲಿಲ್ಲ. ಸುಳಿವು ಸಿಕ್ಕಿದ್ದು ಮ್ಯೂ ಲಯದಲ್ಲಲ್ಲ, ಬಹಳ ನಿಧಾನವಾಗಿ ಏರಿಳಿಯುವ ಅಲೆಗಳಲ್ಲಿ. ಡೇಕೆ ಟೇಪನ್ನು ತಿರುಗಿಸಿ ಕಂಡದ್ದೂ ಅಂತಹ ನಿಧಾನದ ಇಳಿಜಾರನ್ನೇ.

ಬಾಗಿಲು ತೆರೆಯಿತೆಂಬ ಉತ್ಸಾಹ ಎದ್ದಿತು. 2010ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು ದಿಕ್ಕನ್ನಷ್ಟೇ ಅಲ್ಲ, ಕೈ ಗಾಳಿಯಲ್ಲಿ ಸಾಗಿದ ಇಡೀ ಹಾದಿಯನ್ನೇ ನೆತ್ತಿಯ ಅಲೆಗಳಿಂದ ಮರುರಚಿಸಿದ್ದೇವೆ ಎಂದಿತು. ಮೂರು ವರ್ಷಗಳ ಬಳಿಕ ಬೇರೊಂದು ತಂಡ ಆ ಲೆಕ್ಕದ ಕ್ರಮವನ್ನೇ ಪರೀಕ್ಷೆಗೆ ಹಿಡಿಯಿತು. ಕೈಯ ಚಲನೆಯೊಂದಿಗೆ ನಂಟು ಉಳಿಯದಂತೆ ಕಲಸಿದ ಸಂಕೇತಗಳನ್ನು ಕೊಟ್ಟರೂ ಅದೇ ಸೂತ್ರ ಹೆಚ್ಚುಕಡಿಮೆ ಅಷ್ಟೇ ಹೊಂದಾಣಿಕೆ ತೋರಿಸಬಲ್ಲದೆಂಬುದು ಅವರ ವಾದ. ನಿಧಾನವಾಗಿ ಏರಿಳಿಯುವ ಎರಡು ರೇಖೆಗಳನ್ನು ಪಕ್ಕಪಕ್ಕ ಇಟ್ಟರೆ ಸಂಬಂಧವಿಲ್ಲದಿದ್ದರೂ ಸಂಬಂಧ ಕಾಣುತ್ತದೆ. ಯಾರೂ ಮೋಸ ಮಾಡಿರಲಿಲ್ಲ. ನನಗೆ ಅದೇ ಹೆಚ್ಚು ಕಳವಳದ ಸಂಗತಿ, ಮೋಸವನ್ನಾದರೆ ಹಿಡಿಯಬಹುದು.

ನೋಡುವವನ ಹಾರೈಕೆ ಪ್ರಯೋಗಾಲಯದಿಂದ ನ್ಯಾಯಾಲಯಕ್ಕೆ ಕಾಲಿಟ್ಟರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಕೈಯ ಸಂಕಲ್ಪವನ್ನೇ ಇಷ್ಟು ಕಷ್ಟದಿಂದ ಗುರುತಿಸುವ ಅದೇ ಇಇಜಿಯಿಂದ ಅಪರಾಧದ ನೆನಪನ್ನು ಓದುತ್ತೇವೆಂದು ನಮ್ಮ ದೇಶದ ಪೊಲೀಸರು ಹೊರಟಿದ್ದರು. ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ 2008ರಲ್ಲಿ ಅದು ವೈಜ್ಞಾನಿಕವಲ್ಲವೆಂದು ವರದಿ ಕೊಟ್ಟಿತು. ಅದೇ ವರ್ಷ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯಲ್ಲಿ ಅಂತಹ ಪರೀಕ್ಷೆಯ ಫಲಿತಾಂಶಕ್ಕೂ ಬೆಲೆ ಕೊಟ್ಟು ಶಿಕ್ಷೆ ವಿಧಿಸಿತ್ತು. 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ಇಂತಹ ಮಿದುಳು ಪರೀಕ್ಷೆ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕೈ ಎತ್ತಲು ತವಕಿಸುವವನು ಯಂತ್ರದ ಜೊತೆಗಾರ. ಅವನೂ ಅದಕ್ಕೆ ಸಹಾಯ ಮಾಡುತ್ತಾನೆ. ಆರೋಪಿ ಹಾಗಲ್ಲ.

ಇರಲಿ, ಕೈಯ ವಿಷಯಕ್ಕೆ ಮರಳೋಣ. ಪಾದವನ್ನು ನೆನೆದು ಕೈ ಆಡಿಸುವ ವಕ್ರಮಾರ್ಗವನ್ನು ಬಿಡಬೇಕೆಂದು ಗ್ರಾಟ್ಸ್‌ನಲ್ಲೇ ಗೆರ್ನೋಟ್ ಮ್ಯುಲರ್-ಪುಟ್ಸ್ ತಂಡ 2016ರಿಂದ ಯುರೋಪಿನ ಸಂಶೋಧನಾ ಮಂಡಳಿಯ ನೆರವಿನಲ್ಲಿ ತೋಳು ಚಾಚುವ ಸಹಜ ಸಂಕಲ್ಪವನ್ನೇ ಹಿಡಿಯುವ ಯೋಜನೆ ಕೈಗೊಂಡಿತು. ಅಮೆರಿಕದ ಬಿನ್ ಹೀ ತಂಡ 2016ರಲ್ಲಿ, 13 ಮಂದಿ ಆರೋಗ್ಯವಂತರು ಇಇಜಿ ಟೋಪಿಯಿಂದಲೇ ಯಂತ್ರದ ತೋಳನ್ನು ನಡೆಸಿ ವಸ್ತುಗಳನ್ನು ಎತ್ತಿಡುವುದನ್ನು ತೋರಿಸಿತು. ತಲೆಬುರುಡೆಯೊಳಗೆ ತಂತಿ ಹೂಳುವವರ ಸಾಧನೆ ಇದಕ್ಕಿಂತ ಬಹಳ ಮುಂದಿದೆ, ನಿಜ. ಆದರೆ ಟೋಪಿಯನ್ನು ಯಾರ ತಲೆಗೂ ಹಾಕಬಹುದು, ತೆಗೆಯಬಹುದು.

ಯಾರ ತಲೆಗೂ ಎಂಬ ಆ ಮಾತೇ ಈ ಚರಿತ್ರೆಯನ್ನು ನಿರೀಕ್ಷೆಯಿಲ್ಲದ ಜಾಗಕ್ಕೆ ಕೊಂಡೊಯ್ದಿತು. ಅಪಘಾತದ ಬಳಿಕ ಕಣ್ಣು ತೆರೆದರೂ ಯಾವ ಮಾತಿಗೂ ಸ್ಪಂದಿಸದೆ ಮಲಗಿರುವವರನ್ನು ನೋಡಿದವರಿಗೆ ಗೊತ್ತು, ಮನೆಯವರ ಮನಸ್ಸಿನಲ್ಲಿ ಸದಾ ಕುದಿಯುವ ಪ್ರಶ್ನೆ ಯಾವುದೆಂದು. 2006ರಲ್ಲಿ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು, ಅಂತಹ 23 ವರ್ಷದ ಮಹಿಳೆಯೊಬ್ಬಳನ್ನು, ರಕ್ತದ ಹರಿವಿನಿಂದ ಮಿದುಳಿನ ಕೆಲಸವನ್ನು ಗುರುತಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ‘ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ’ ಎಂದರು. ತೋಳು ಬೀಸುವ ಸಂಕಲ್ಪಕ್ಕೆ ಸಂಬಂಧಿಸಿದ ಜಾಗ, ಆರೋಗ್ಯವಂತರಲ್ಲಿ ಆಗುವಂತೆಯೇ ಬೆಳಗಿತು. ಟೆನಿಸ್ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಅದು ತಾನಾಗಿ ಬೆಳಗಬಹುದಲ್ಲ ಎಂದು ಆಕ್ಷೇಪ ಬಂತು. ವಿಶ್ರಮಿಸು ಎನ್ನುವವರೆಗೆ ಅರ್ಧ ನಿಮಿಷ ಪೂರ್ತಿ ಅದು ಉಳಿದಿತ್ತೆಂದು ಓವನ್ ಉತ್ತರಿಸಿದ. 2010ರಲ್ಲಿ ಅರಿವು ಕುಂದಿದ್ದ 54 ರೋಗಿಗಳಲ್ಲಿ ಐವರು ಹೀಗೆ ಸ್ಪಂದಿಸಿದರು. ಅವರಲ್ಲೊಬ್ಬ, ‘ಹೌದು’ ಎನ್ನಲು ಟೆನಿಸ್, ‘ಅಲ್ಲ’ ಎನ್ನಲು ಮನೆಯೊಳಗಿನ ಓಡಾಟ ಎಂಬ ಒಪ್ಪಂದದ ಮೇಲೆ, ತನ್ನ ತಂದೆಯ ಹೆಸರಿನಂತಹ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಕೊಟ್ಟ.

ಎಫ್‌ಎಂಆರ್‌ಐ ದುಬಾರಿ, ರೋಗಿಯನ್ನು ಅದರ ಬಳಿಗೆ ಸಾಗಿಸಬೇಕು. 2011ರಲ್ಲಿ ಅದೇ ಬಳಗದವರು ಹಾಸಿಗೆಯ ಪಕ್ಕದಲ್ಲೇ ಇಇಜಿ ಇಟ್ಟು, ಬಲಗೈ ಮುಷ್ಟಿ ಬಿಗಿಯುವುದನ್ನು ಕಲ್ಪಿಸಲು ಹೇಳಿ, 16 ರೋಗಿಗಳಲ್ಲಿ ಮೂವರಲ್ಲಿ ಅರಿವಿದೆ ಎಂದು ಪ್ರಕಟಿಸಿದರು. 2013ರಲ್ಲಿ ನ್ಯೂಯಾರ್ಕಿನ ತಂಡವೊಂದು ಅದೇ ಅಂಕಿಗಳನ್ನು ಕೇಳಿ ಪಡೆದು ಮರುಲೆಕ್ಕ ಮಾಡಿ, ಆ ತೀರ್ಮಾನಕ್ಕೆ ಆಧಾರ ಸಾಲದೆಂದಿತು. ಮೊದಲ ತಂಡ ತನ್ನ ನಿಲುವನ್ನು ಬಿಡಲಿಲ್ಲ. ಆ ಮೂರು ಮನೆಗಳಲ್ಲಿ ಈ ವಾದವನ್ನು ಹೇಗೆ ಓದಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೂ ಮರುಲೆಕ್ಕ ಮಾಡಿದ್ದು ಸರಿ, ಅಂಕಿಗಳನ್ನು ಕೊಟ್ಟದ್ದೂ ಸರಿ ಎಂಬುದೇ ನನ್ನ ಅಭಿಪ್ರಾಯ.

ಆ ಎಚ್ಚರ ಮುಂದೆ ಫಲ ಕೊಟ್ಟಿತು. 2019ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ಯಾನ್ ಕ್ಲಾಸೆನ್ ತಂಡ, ಮಿದುಳಿಗೆ ಪೆಟ್ಟಾಗಿ ತೀವ್ರ ನಿಗಾ ಘಟಕದಲ್ಲಿ ಸ್ಪಂದನವಿಲ್ಲದೆ ಮಲಗಿದ್ದ 104 ಮಂದಿಯ ಕಿವಿಯಲ್ಲಿ ‘ಬಲಗೈ ತೆರೆಯುತ್ತ ಮುಚ್ಚುತ್ತ ಇರಿ’, ‘ನಿಲ್ಲಿಸಿ’ ಎಂಬ ಆಜ್ಞೆಗಳನ್ನು ಮತ್ತೆ ಮತ್ತೆ ನುಡಿಸಿತು. ಕೈಗಳು ಅಲುಗಲಿಲ್ಲ. 16 ಮಂದಿಯ ಇಇಜಿಯಲ್ಲಿ ಎರಡು ಆಜ್ಞೆಗಳ ವ್ಯತ್ಯಾಸ ಮೂಡಿತು. ಒಂದು ವರ್ಷದ ಬಳಿಕ ನೋಡಿದಾಗ, ಆ 16ರಲ್ಲಿ ನೂರಕ್ಕೆ 44 ಮಂದಿ ದಿನದಲ್ಲಿ ಕೆಲವು ಗಂಟೆಯಾದರೂ ತಮ್ಮ ಪಾಡಿಗೆ ತಾವಿರಬಲ್ಲಷ್ಟು ಚೇತರಿಸಿಕೊಂಡಿದ್ದರು. ಉಳಿದವರಲ್ಲಿ ನೂರಕ್ಕೆ 14 ಮಂದಿ ಮಾತ್ರ. ಇಲ್ಲಿ ತೀರ್ಪು ಕೊಟ್ಟದ್ದು ನೋಡುವವನ ಕಣ್ಣಲ್ಲ, ಕಾಲ.

2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ತಮ್ಮ ಎಫ್‌ಎಂಆರ್‌ಐ ಮತ್ತು ಇಇಜಿ ದಾಖಲೆಗಳನ್ನು ಒಟ್ಟುಗೂಡಿಸಿದವು. ಹೊರನೋಟಕ್ಕೆ ಯಾವ ಆಜ್ಞೆಗೂ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿ, ಅಂದರೆ ನಾಲ್ವರಲ್ಲಿ ಒಬ್ಬರು, ಮಿದುಳಿನಲ್ಲಿ ಸ್ಪಂದಿಸಿದ್ದರು. ಪತ್ರಿಕೆಗಳು ಬರೆದದ್ದು ಈ ಸಂಖ್ಯೆಯನ್ನು. ಅದೇ ಪ್ರಬಂಧದಲ್ಲಿ ಇನ್ನೊಂದು ಸಂಖ್ಯೆಯೂ ಇದೆ. ಹೇಳಿದ ಆಜ್ಞೆಯನ್ನು ವೈದ್ಯರ ಕಣ್ಣೆದುರಿಗೇ ಪಾಲಿಸಬಲ್ಲವರಾಗಿದ್ದ 112 ಮಂದಿಯನ್ನೂ ಅದೇ ಬಗೆಯ ಪರೀಕ್ಷೆಗೆ ಒಳಪಡಿಸಿದ್ದರು. ಅವರಲ್ಲಿ ಯಂತ್ರಕ್ಕೆ ಸಿಕ್ಕವರು 43 ಮಂದಿ. ಉಳಿದ 69 ಮಂದಿಯ ಸಂಕಲ್ಪ ಅದರ ಕಣ್ಣಿಗೆ ಬೀಳಲೇ ಇಲ್ಲ.